ಎಂಜಿನ್ ಆಫ್ ಮಾಡಿ ನೋಡು

ಶೋರೂಮಿನ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಸಾಕು, ಟೈ ಕಟ್ಟಿದ ಹುಡುಗ ಎದ್ದು ಬಂದು ಕೇಳುವ ಮೊದಲ ಪ್ರಶ್ನೆ: "ಮಗನಿಗಾ ಮೇಡಂ?" ನನಗೆ ಮಗನಿಲ್ಲ. "ನನಗೇ" ಅಂದರೆ ಅವನ ಕಣ್ಣು ನನ್ನ ಹಿಂದೆ ನಿಂತಿರುವ ಇವರ ಕಡೆ ಹೋಗುತ್ತದೆ. ಇವರು ನಗುತ್ತಾ "ನಾನು ಹಿಂದೆ ಕೂರೋನು ಕಣಪ್ಪ" ಅನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಮಾತು ಸರಾಗ. 2023ರ ಕೊನೆಯಲ್ಲಿ ಮೈಸೂರಿನ ಶೋರೂಮುಗಳನ್ನು ಸುತ್ತುವಾಗ ಈ ಮೂರು ಮಾತು ನಮಗೆ ಬಾಯಿಪಾಠವೇ ಆಗಿಹೋಯಿತು.

ಹೈಸ್ಕೂಲಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡಿದ್ದೆ. ಇವರಿಗೆ ಮಂಡಿ ಆಪರೇಷನ್ ಆಗಿ, ಗಾಡಿ ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಹಿಂದೆ ಕೂತು ಹೋಗಲು ಅಡ್ಡಿಯಿರಲಿಲ್ಲ. ಮಡಿಕೇರಿ, ಊಟಿ, ಆಗುಂಬೆ, ಚಾರ್ಮಾಡಿ ಅಂತ ನಿಧಾನವಾಗಿ ಸುತ್ತೋಣ, ಬಾಡಿಗೆ ಕಾರಿನ ಹಂಗು ಬೇಡ ಎಂದು ಇಬ್ಬರೂ ನಿಶ್ಚಯ ಮಾಡಿಕೊಂಡೆವು. ಬೈಕು ಯಾವುದು ಎಂಬುದರಲ್ಲಿ ಮಾತ್ರ ನಿಶ್ಚಯವಿರಲಿಲ್ಲ. ಅದಕ್ಕೆ ಮನೆಯವರೆಲ್ಲ ಕೈ ಹಾಕಿದರು.

ನಮ್ಮ ಮನೆಯಲ್ಲಿ ಬೈಕಿನ ಮಾತು ಬಂದರೆ ಮೊದಲ ಹಕ್ಕು ಅಪ್ಪನದು. ಅವರು ಐಡಿಯಲ್ ಜಾವಾದಲ್ಲಿದ್ದವರು. ಮೈಸೂರಿನವರಿಗೆ ಇಷ್ಟು ಹೇಳಿದರೆ ಸಾಕು. ಬೇರೆ ಊರಿನವರಿಗೆ: ಯಾದವಗಿರಿಯ ಆ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ದರು. ಚೆಕೊಸ್ಲೊವಾಕಿಯಾದ ಬೈಕನ್ನು ಮೊದಲು ಜಾವಾ ಎಂದೇ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮಾಡಿ ದೇಶಕ್ಕೆಲ್ಲ ಕಳಿಸಿ, 1996ರಲ್ಲಿ ಅದು ಬಾಗಿಲು ಹಾಕಿತು. ಈಗಲೂ ಜುಲೈ ತಿಂಗಳ ಎರಡನೇ ಭಾನುವಾರ ಹಳೆಯ ಗಾಡಿಗಳೆಲ್ಲ ಜೋಡಿ ಸೈಲೆನ್ಸರಿನಿಂದ ಹೊಗೆ ಬಿಡುತ್ತಾ ಬೀದಿಗಿಳಿಯುತ್ತವೆ. ಅಪ್ಪ ಅಂದು ಬೆಳಿಗ್ಗೆಯೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ನಾನು ಬೈಕು ಕಲಿತದ್ದು ಅಪ್ಪನ ಯೆಜ್ಡಿಯ ಮೇಲೆ, ಕಾಲೇಜಿನಲ್ಲಿದ್ದಾಗ. ಅವರು ಕಲಿಸಿದ ರೀತಿ ವಿಚಿತ್ರ. ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋಗಿ, ಬೀಗದ ಕೈ ತಮ್ಮ ಜೇಬಿಗೆ ಹಾಕಿಕೊಂಡು, "ಹೂಂ, ಸ್ಟ್ಯಾಂಡು ತೆಗಿ" ಅನ್ನುವರು. ತೆಗೆಯಬೇಕು. "ಹಾಕು" ಅನ್ನುವರು. ಹಾಕಬೇಕು. ಆಮೇಲೆ ತಳ್ಳಿಕೊಂಡು ಮೈದಾನ ಸುತ್ತಬೇಕು, ಎಡಕ್ಕೆ ಎಂಟಂಕಿ, ಬಲಕ್ಕೆ ಎಂಟಂಕಿ, ಇಳಿಜಾರಿನಲ್ಲಿ ಹಿಂದಕ್ಕೆ. ನನ್ನ ಜೊತೆಯ ಹುಡುಗಿಯರು ಕೈನೆಟಿಕ್ ಹೋಂಡಾದ ಗುಂಡಿ ಒತ್ತಿ ಭರ್ರೆಂದು ಹೋಗುತ್ತಿದ್ದ ಕಾಲ. ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಸತ್ತ ಎಂಜಿನ್ನಿನ ಗಾಡಿ ನೂಕುತ್ತಿದ್ದೆ. ಅಳು ಬರುತ್ತಿತ್ತು. "ಎಂಜಿನ್ ಆಫ್ ಇದ್ದಾಗ ನಿನ್ನ ಮಾತು ಕೇಳಿದ್ರೆ ಆನ್ ಆದಾಗ್ಲೂ ಕೇಳುತ್ತೆ ಕಣಮ್ಮ" ಎನ್ನುವುದೊಂದೇ ಅವರ ಸಮಾಧಾನ.

ಕಡೆಗೊಂದು ಭಾನುವಾರ ಬೀಗದ ಕೈ ಹೊರಬಂತು. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕರಿಗೂ ಒಂದೇ ಲಿವರು, ಎಡಗಡೆ. ಗೇರ್ ಲಿವರಾಗಿ ಮುಂದಕ್ಕೆ ಮಲಗಿರುವುದನ್ನು ಪಾದದಿಂದ ಒಳಕ್ಕೆ ಅದುಮಿ ಹಿಂದಕ್ಕೆ ತಿರುಗಿಸಿ ಮೇಲೆತ್ತಿದರೆ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ ಮತ್ತೆ ಮುಂದಕ್ಕೆ ಮಲಗಿಸಿದ ಮೇಲೆಯೇ ಅದು ಗೇರು. ಹೊಸಬರು ಈ ಕೊನೆಯ ಕೆಲಸ ಮರೆತು, ಗೇರಿಗಾಗಿ ಪಾದ ಆಡಿಸುತ್ತಾ ಸಿಗ್ನಲ್ಲಿನಲ್ಲಿ ತಡಕಾಡುವುದನ್ನು ನೋಡಿ ಮೈಸೂರಿನವರು ನಗುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮೂವತ್ತು ವರ್ಷ ದಾಟಿದ ಮೇಲೆ ಬೈಕು ಆರಿಸಲು ಹೊರಟಾಗ ನನಗೆ ಕೆಲಸಕ್ಕೆ ಬಂದದ್ದು ಆ ಮೈದಾನದ ಪಾಠವೇ. ಮಾರುವವರು ಹೇಳುವುದೆಲ್ಲ ಗಾಡಿ ಓಡುವಾಗಿನ ವಿಷಯ. ಓಡುವಾಗ ಇವತ್ತಿನ ಯಾವ ಬೈಕೂ ಕೆಟ್ಟದಲ್ಲ. ಟೂರು ಕೆಡುವುದು ಗಾಡಿ ನಿಂತಾಗ: ಓರೆ ಜಾಗದಲ್ಲಿ ತಿರುಗಿಸುವಾಗ, ಹಿಂದೆ ಕೂರುವವರು ಹತ್ತುವಾಗ, ಘಾಟಿಯಲ್ಲಿ ಮುಂದಿನ ಲಾರಿ ತಟ್ಟನೆ ನಿಂತಾಗ, ಟೈರು ಪಂಕ್ಚರ್ ಆದಾಗ. ಬ್ರೋಷರಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಮನೆಯಲ್ಲಿ ನಾಲ್ಕು ಪಕ್ಷವಾದವು. ಇವರದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350, ಅದರಲ್ಲೂ ಸೂಪರ್‌ನೋವಾ. ಕಾರಣ ಒಂದೇ, ಹಿಂದಿನ ಸೀಟಿಗೆ ಬೆನ್ನೊರಗು ಇದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಅಣ್ಣನ ಮಗಳದು ಹಿಮಾಲಯನ್ 450. ಅದು ಆಗಷ್ಟೇ, ನವೆಂಬರಿನಲ್ಲಿ ಬಿಡುಗಡೆಯಾಗಿತ್ತು. 452 ಸಿಸಿ, ನೀರಿನಿಂದ ತಣಿಯುವ ಎಂಜಿನ್, ಆರು ಗೇರು. "ಅತ್ತೆ, ಒಂದ್ಸಲ ಓಡ್ಸಿ ನೋಡಿ, ಆಮೇಲೆ ಬೇರೆ ಯಾವುದೂ ಹಿಡಿಸಲ್ಲ ನಿಮಗೆ" ಎಂದು ದಿನವೂ ಫೋನು. ಕೆಟಿಎಂ 390 ಅಡ್ವೆಂಚರ್ ಅವಳ ಎರಡನೇ ಆಯ್ಕೆ. ಅಪ್ಪನದು, ಬೇರೆ ಹೇಳಬೇಕೆ, ಯೆಜ್ಡಿ ಅಡ್ವೆಂಚರ್. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತ್ತು, ಈ ಸಲ ಮಧ್ಯಪ್ರದೇಶದ ಪೀತಂಪುರದಿಂದ. ಶೋರೂಮಿಗೆ ಬಂದ ಅಪ್ಪ ಟ್ಯಾಂಕಿನ ಮೇಲಿನ ಹೆಸರು ಸವರಿ, ಎಡಗಡೆ ಬಗ್ಗಿ ನೋಡಿದರು. ಕಿಕ್ಕರ್ ಇರಲಿಲ್ಲ. "ಸೆಲ್ಫ್ ಕೆಟ್ಟರೆ ಏನ್ ಮಾಡ್ತೀರಿ?" ಎಂದು ಹುಡುಗನನ್ನು ಕೇಳಿದರು. ಅವನು ಟೋಲ್‌ಫ್ರೀ ನಂಬರು ಹೇಳಿದ.

ನಾಲ್ಕನೆಯ ಪಕ್ಷ ನಾನು. ನನಗಿನ್ನೂ ಅಭ್ಯರ್ಥಿ ಸಿಕ್ಕಿರಲಿಲ್ಲ.

ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಗಂಡಸರು ಬರೆಯುವ ಬೈಕಿನ ಬರಹಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನನ್ನ ಎತ್ತರ ಐದು ಅಡಿ ಮೂರು ಇಂಚು. ಆಗ ಸೀಟಿನ ಎತ್ತರ ಮೀಟಿಯರಿಗೆ 765 ಮಿಲಿಮೀಟರ್, ಇವುಗಳ ಜೊತೆ ನೋಡಿದ ಹೋಂಡಾ ಹೈನೆಸ್ ಸಿಬಿ350ಕ್ಕೆ 800, ಯೆಜ್ಡಿ ಅಡ್ವೆಂಚರಿಗೆ 815, ಹೊಸ ಹಿಮಾಲಯನ್‌ಗೆ 825, ಕೆಟಿಎಂ ಅಡ್ವೆಂಚರಿಗೆ 855 ಇತ್ತು. ಈ ಪಟ್ಟಿಯೊಂದನ್ನೇ ನೋಡಿದರೆ ಲೆಕ್ಕ ಸುಲಭ. ಆದರೆ ಅಳತೆಪಟ್ಟಿ ನೆಲದಿಂದ ಸೀಟಿನ ನಡುವಿಗೆ ನೆಟ್ಟಗೆ ಹೋಗುತ್ತದೆ, ಕಾಲು ಹಾಗೆ ಹೋಗುವುದಿಲ್ಲ. ಸೀಟಿನ ಅಗಲವನ್ನು ಬಳಸಿಕೊಂಡು, ಪಕ್ಕದ ಪ್ಯಾನೆಲ್ ದಾಟಿ, ಫುಟ್‌ರೆಸ್ಟ್ ತಪ್ಪಿಸಿಕೊಂಡು ನೆಲ ಮುಟ್ಟಬೇಕು. ಅಗಲದ ಸೀಟಾದರೆ ಒಂದಿಂಚು ಅಲ್ಲೇ ಹೋಯಿತು. ನಾವು ಕೂತಾಗ ಶಾಕ್ ಅಬ್ಸಾರ್ಬರ್ ಎಷ್ಟು ಕುಸಿಯುತ್ತದೆ ಎನ್ನುವುದು ಇನ್ನೊಂದು. ಹಿಂದೆ ಒಬ್ಬರು ಕೂತರೆ ಇನ್ನೂ ಇಳಿಯುತ್ತದೆ; ಒಬ್ಬಳೇ ಕೂತಾಗ ತುದಿಗಾಲಿನಲ್ಲಿ ನಿಲ್ಲುವ ಗಾಡಿಯಲ್ಲಿ ಇವರು ಹತ್ತಿದ ಮೇಲೆ ಅರ್ಧ ಪಾದ ಊರುತ್ತದೆ.

ಹತ್ತಿದ ಮೇಲೆ ಸರಿ. ಹತ್ತುವಾಗ? ಇವರು ಎಂಬತ್ತು ಕೆಜಿ, ಮಂಡಿ ಪೂರ್ತಿ ಮಡಿಸುವ ಹಾಗಿಲ್ಲ. ಹಿಂದಿನ ಸೀಟು ತಗ್ಗಾಗಿದ್ದರೆ ನೆಲದ ಮೇಲೆ ನಿಂತೇ ಕಾಲು ಆ ಕಡೆ ಹಾಕಬಹುದು. ಎತ್ತರವಾಗಿದ್ದರೆ ಎಡಗಡೆಯ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲಲೇಬೇಕು. ಆಗ ಎಂಬತ್ತು ಕೆಜಿಯೂ ಗಾಡಿಯ ನಡುವಿನಿಂದ ಒಂದು ಗೇಣಿಗಿಂತ ಆಚೆ ಬೀಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಅದನ್ನು ತಡೆಯಬೇಕಾದ್ದು ನನ್ನ ಎಡಗಾಲಿನ ತುದಿಬೆರಳು. ಕೆಟಿಎಂನಲ್ಲಿ ಹಿಂದಿನ ಸೀಟು ಮುಂದಿನದಕ್ಕಿಂತ ಇನ್ನೂ ಒಂದು ಮೆಟ್ಟಿಲು ಮೇಲೆ. ಶೋರೂಮಿನ ಹುಡುಗ ಮುಂದಿನ ಚಕ್ರ ಹಿಡಿದುಕೊಂಡ, ಇನ್ನೊಬ್ಬ ಬಲಗಡೆ ನಿಂತ, ಇವರು ಎರಡು ಸಲ ಪ್ರಯತ್ನಿಸಿ, "ಮೇಲೆ ಹೋಗೋಕೆ ಇದಕ್ಕಿಂತ ಸುಲಭದ ದಾರಿ ಇದೆ ಕಣೇ" ಎಂದು ಇಳಿದುಬಿಟ್ಟರು. ಕೆಟಿಎಂ ಅಲ್ಲಿಗೆ ಮುಗಿಯಿತು. 43 ಕುದುರೆಗಳ ಬಗ್ಗೆ ಹುಡುಗ ಹೇಳುತ್ತಲೇ ಇದ್ದ.

ಹಾಗಾದರೆ 765ರ ಮೀಟಿಯರ್ ಆಗಬಹುದಲ್ಲ ಎಂದು ನೀವು ಕೇಳಬಹುದು. ಇವರೂ ಅದನ್ನೇ ಕೇಳಿದರು. ಎರಡೂ ಪಾದ ಪೂರ್ತಿ ಊರುತ್ತಿತ್ತು, ಇವರು ಆರಾಮಾಗಿ ಹತ್ತುತ್ತಿದ್ದರು, ಎಂಜಿನ್ನಿನ ನಡುಕವಿಲ್ಲ, ಸದ್ದೂ ಹಿತ. ನನ್ನ ತಕರಾರು ಸೊಂಟದ್ದು. ಹಿಂದೆ ಕೆಲವು ವರ್ಷ ನಾನು ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ಒಂದನ್ನು ಓಡಿಸಿದ್ದೆ. ಮೊದಲ ಒಂದು ಗಂಟೆ ಆರಾಮಕುರ್ಚಿಯಲ್ಲಿ ಕೂತ ಹಾಗೆ. ಆಮೇಲೆ ತಿಳಿಯುತ್ತದೆ: ಪಾದ ಮುಂದಿದ್ದಾಗ ಮೈಯ ಭಾರವೆಲ್ಲ ಬೆನ್ನುಮೂಳೆಯ ಬುಡದ ಮೇಲೆ. ಹಂಪು ಬಂದಾಗ ಫುಟ್‌ರೆಸ್ಟಿನ ಮೇಲೆ ಭಾರ ಕೊಟ್ಟು ಒಂದಿಷ್ಟು ಏಳೋಣವೆಂದರೆ ಏಳಲಾಗುವುದಿಲ್ಲ. ಪಾದ ನಮ್ಮ ಕೆಳಗಿಲ್ಲವಲ್ಲ! ಹಿಂದಿನ ಚಕ್ರ ತಿಂದ ಏಟನ್ನು ನೇರವಾಗಿ ಬೆನ್ನೇ ತಿನ್ನಬೇಕು. ಹುಣಸೂರು ದಾಟಿ ಪಿರಿಯಾಪಟ್ಟಣ ಮುಟ್ಟುವ ಹೊತ್ತಿಗೆ ಸೊಂಟ ಹಿಡಿದಿರುತ್ತಿತ್ತು. ಮೀಟಿಯರಿನ ಫುಟ್‌ರೆಸ್ಟ್ ಅಷ್ಟೇನೂ ಮುಂದಿಲ್ಲ, ಉದ್ದ ಕಾಲಿನವರಿಗೆ ಗೊತ್ತೂ ಆಗಲಿಕ್ಕಿಲ್ಲ. ಗಿಡ್ಡ ಕಾಲಿಗೆ ಅಷ್ಟೇ ಜಾಸ್ತಿ. ಇವರಿಗೆ ಬೆನ್ನೊರಗು, ನನಗೆ ಬೆನ್ನುನೋವು ಎಂದು ಹೇಳಿ ಆ ಚರ್ಚೆ ಮುಗಿಸಿದೆ. ಇವರು ಒಪ್ಪಲಿಲ್ಲ, ಸುಮ್ಮನಾದರು.

ಎದ್ದು ನಿಂತು ಓಡಿಸಲು ಹಿಮಾಲಯನ್‌ನ ಹಾಗೆ ಇನ್ನೊಂದಿಲ್ಲ, ಒಪ್ಪುತ್ತೇನೆ. ಹಿಂದೆ ಮುಂದೆ ಎರಡೂ ಕಡೆ 200 ಮಿಲಿಮೀಟರ್ ಕುಣಿಯುವ ಸಸ್ಪೆನ್ಷನ್, ಮುಂದಿನ ಚಕ್ರ 21 ಇಂಚು, ಗುಂಡಿಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಣ್ಣನ ಮಗಳು ನನ್ನ ತೀರ್ಮಾನಕ್ಕೆ ಕಾಯದೆ ತಾನೇ ಒಂದನ್ನು ಬುಕ್ ಮಾಡಿ ತಂದಳು. ಅವಳದು ಐದು ಅಡಿ ಎಂಟು ಇಂಚು, ಅಜ್ಜನ ಎತ್ತರ. ಕೆಆರ್‌ಎಸ್ ಹಿನ್ನೀರಿನ ಕಡೆ ಹೋಗಿ ನನ್ನ ಕೈಗೆ ಕೊಟ್ಟಳು. ಓಡುವಾಗ ನಿಜಕ್ಕೂ ಹಗುರ. 196 ಕೆಜಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದು ವಾಪಸ್ ಬಂದದ್ದು ನೀರಿನ ಅಂಚಿನ ಮೆದು ಮಣ್ಣಿನಲ್ಲಿ, ಅವಳು ಗಾಡಿ ತಿರುಗಿಸುವಾಗ. ಎಡಗಾಲು ಊರಿದ ಕಡೆ ನೆಲ ಕುಸಿಯಿತು, ಗಾಡಿ ಮೆಲ್ಲಗೆ ಒರಗಿ ಮಲಗಿತು. ಅವಳಿಗೇನೂ ಆಗಲಿಲ್ಲ. ಹ್ಯಾಂಡಲ್ ಹಿಡಿದು ಎದೆಯೆತ್ತರಕ್ಕೆ ಎಳೆಯತೊಡಗಿದಳು, ಹುಡುಗರು ಜಿಮ್ಮಿನಲ್ಲಿ ಎತ್ತುತ್ತಾರಲ್ಲ ಹಾಗೆ.

"ಬಿಡೇ, ಸೊಂಟ ಹೋದೀತು" ಎಂದೆ. ಅಪ್ಪ ಮೈದಾನದಲ್ಲಿ ಇದನ್ನೂ ಮಾಡಿಸಿದ್ದರು. ಎಂಜಿನ್ ಆರಿಸಿ, ಗೇರಿನಲ್ಲಿಡಬೇಕು, ಇಲ್ಲದಿದ್ದರೆ ಉರುಳುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಬೇಕು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಕುಂಡಿ ಆನಿಸಿ, ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಗ್ರಿಪ್ಪು, ಇನ್ನೊಂದರಲ್ಲಿ ಹಿಂದಿನ ಕ್ಯಾರಿಯರ್ ಹಿಡಿದು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯುತ್ತಾ ತೊಡೆಯ ಬಲದಿಂದ ಎತ್ತಬೇಕು. ತೋಳು ಹಿಡಿದುಕೊಳ್ಳಲು ಮಾತ್ರ. ಅರ್ಧ ಎದ್ದ ಮೇಲೆ ಭಾರ ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಉತ್ಸಾಹದಲ್ಲಿ ಜೋರಾಗಿ ನೂಕಿದರೆ ಆ ಕಡೆಗೆ ಬೀಳುತ್ತದೆ, ಅದಕ್ಕೇ ಒಬ್ಬರು ಆ ಕಡೆ ಇದ್ದರೆ ಒಳ್ಳೆಯದು. ನಾನು ಎತ್ತಿದೆ. ಎತ್ತಿದೆನಾದರೂ ದಾರಿಯುದ್ದಕ್ಕೂ ಇದನ್ನು ಮಾಡುವ ವಯಸ್ಸು ನನ್ನದಲ್ಲ ಎಂದು ತೊಡೆ ಹೇಳಿತು.

ಟೈರಿನದು ಇನ್ನೊಂದು ಕಥೆ. ಆಗ ಬಂದ ಹಿಮಾಲಯನ್‌ಗೆ ಕಡ್ಡಿ ಚಕ್ರ, ಒಳಗೆ ಟ್ಯೂಬು. ಮೀಟಿಯರಿಗೂ ಹೈನೆಸ್ಸಿಗೂ ಅಲಾಯ್ ಚಕ್ರ, ಟ್ಯೂಬ್‌ಲೆಸ್. ಕಲ್ಲುಬಂಡೆಯ ದಾರಿಯಲ್ಲಿ ಕಡ್ಡಿ ಚಕ್ರವೇ ಗಟ್ಟಿ, ಏಟಿಗೆ ಬಾಗುತ್ತದೆಯೇ ಹೊರತು ಸೀಳುವುದಿಲ್ಲ. ಆದರೆ ಮೊಳೆ ಚುಚ್ಚಿದರೆ ಚಕ್ರ ಬಿಚ್ಚಿ, ಟೈರು ಕಿತ್ತು, ಟ್ಯೂಬು ಹೊರಗೆಳೆಯಬೇಕು. ಟ್ಯೂಬ್‌ಲೆಸ್ಸಿಗೆ ನಾನೇ ದಾರದಂಥ ಪ್ಲಗ್ ತುರುಕಿ, ಚಿಕ್ಕ ಪಂಪಿನಲ್ಲಿ ಗಾಳಿ ಹಾಕಿಕೊಂಡು ಹೊರಡಬಲ್ಲೆ. ಬಂಡೀಪುರದ ಕಾಡಿನ ನಡುವೆ ಗಾಡಿ ನಿಲ್ಲಿಸುವುದೇ ನಿಷಿದ್ಧ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯನ್ನೇ ಮುಚ್ಚುತ್ತಾರೆ. ಸಂಜೆ ಆರೂವರೆಗೆ ಅಲ್ಲಿ ಚಕ್ರ ಬಿಚ್ಚಿ ಕೂರುವುದನ್ನು ನೆನೆಸಿಕೊಂಡರೆ ಸಾಕು.

ಇನ್ನು ಕುದುರೆಶಕ್ತಿ. 450ರ 40 ಕುದುರೆ ಹೆದ್ದಾರಿಯಲ್ಲಿ ಚೆಂದ. ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ ಬರುವ ಹಾಗಿಲ್ಲ ಎಂದಾಗಿತ್ತು. ನಾವು ಸರ್ವಿಸ್ ರಸ್ತೆಯಲ್ಲಿ ಟ್ರಾಕ್ಟರು, ಎಮ್ಮೆ, ಹಂಪುಗಳ ಜೊತೆ. ನನಗೆ ಬೇಕಾದ್ದು ಘಾಟಿಯ ಎಳೆತ. ಅದಕ್ಕೆ ಟಾರ್ಕ್ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂದೂ ನೋಡಬೇಕು. ಆಗಿನ ಕೆಟಿಎಂ 37 ನ್ಯೂಟನ್ ಮೀಟರ್ ಕೊಡುತ್ತಿದ್ದುದು 7000ದಲ್ಲಿ, ಹಿಮಾಲಯನ್ 40 ಕೊಡುವುದು 5500ರಲ್ಲಿ, ಮೀಟಿಯರ್ 27 ಕೊಡುವುದು 4000ದಲ್ಲಿ, ಹೈನೆಸ್ 30 ಕೊಡುವುದು ಬರೀ 3000ದಲ್ಲಿ. ಹೈನೆಸ್ಸಿನ ಸಿಲಿಂಡರ್ 70 ಮಿಲಿಮೀಟರ್ ಅಗಲ, ಪಿಸ್ಟನ್ ಓಡುವ ದೂರ 90.5. ಇಂಥ ಉದ್ದ ಸ್ಟ್ರೋಕಿನ ಎಂಜಿನ್ ಕೆಳಗಿನಿಂದಲೇ ಎಳೆಯುತ್ತದೆ, ಮೇಲೆ ಹೋದಂತೆ ದಣಿಯುತ್ತದೆ. ತಿರುವಿನಲ್ಲಿ ನಿಂತ ಗಾಡಿಯನ್ನು ಇಬ್ಬರ ಭಾರದ ಜೊತೆ ಮತ್ತೆ ಹೊರಡಿಸಲು ಬೇಕಾದ್ದು ಆ ಕೆಳಗಿನದೇ.

ಹೈನೆಸ್ ತೆಗೆದುಕೊಂಡೆ. 181 ಕೆಜಿ, ಈ ಗುಂಪಿನಲ್ಲಿ ನನ್ನ ತೊಡೆಗೆ ಹೊಂದುವ ತೂಕ. ಫುಟ್‌ರೆಸ್ಟ್ ನನ್ನ ಕೆಳಗೇ ಇದೆ. ಕ್ಲಚ್ಚು ಎರಡು ಬೆರಳಿಗೆ ಬರುವಷ್ಟು ಹಗುರ, ಸಂಧಿವಾತ ಶುರುವಾಗುವ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ. ನಿರ್ಧಾರ ಆದದ್ದು ಶೋರೂಮಿನಲ್ಲೂ ಅಲ್ಲ, ನಮ್ಮ ಮನೆಯ ಗೇಟಿನ ಮುಂದೆ. ಚರಂಡಿಯ ಮೇಲೆ ಹಾಕಿದ ಇಳಿಜಾರು ಚಪ್ಪಡಿ ಇದೆ, ಅಲ್ಲಿಂದ ಗಾಡಿಯನ್ನು ಹಿಮ್ಮುಖವಾಗಿ ಒಳಗೆ ತರಬೇಕು. ಟೆಸ್ಟ್ ರೈಡಿಗೆಂದು ತಂದ ಗಾಡಿಯನ್ನು ಎಂಜಿನ್ ಆಫ್ ಮಾಡಿ ಅಲ್ಲಿ ತಳ್ಳಿ ನೋಡುತ್ತಿದ್ದೆ. ಕೂಡ ಬಂದಿದ್ದ ಹುಡುಗನಿಗೆ ಗಾಬರಿ, "ಮೇಡಂ, ಸೆಲ್ಫ್ ಇದೆ". ಅಪ್ಪ ಕುರ್ಚಿಯಿಂದಲೇ "ಅವಳಿಗೆ ಗೊತ್ತು ಬಿಡಪ್ಪ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕೊರತೆಗಳೂ ಇವೆ. ಬುಲೆಟ್ಟಿಗಾದರೆ ತಾಲ್ಲೂಕಿಗೊಬ್ಬ ಮೆಕ್ಯಾನಿಕ್, ಇದಕ್ಕೆ ಹೋಂಡಾದ ಬಿಗ್‌ವಿಂಗ್ ಶೋರೂಮು ಇರುವ ಊರು ಹುಡುಕಬೇಕು. ಹಿಮಾಲಯನ್ ತೇಲಿಕೊಂಡು ಹೋಗುವ ಗುಂಡಿಗೆ ನಾನು ಬ್ರೇಕು ಹಾಕಬೇಕು. ಅಪ್ಪ ಒಂದೆರಡು ವಾರ ಹೊಸ ಗಾಡಿಯ ಹತ್ತಿರ ಹೋಗಲೇ ಇಲ್ಲ. ಆಮೇಲೊಂದು ದಿನ ನೋಡುತ್ತೇನೆ, ಬನಿಯನ್ನಿನ ಬಟ್ಟೆ ಹಿಡಿದು ಸೈಲೆನ್ಸರ್ ಒರೆಸುತ್ತಿದ್ದಾರೆ. "ಒಂದೇ ಕೊಟ್ಟವ್ರಲ್ಲ" ಎಂದರು.

ಮಳೆಗಾಲ ಮುಗಿದ ಮೇಲೆ ಊಟಿಗೆ ಹೊರಟೆವು. ಅಣ್ಣನ ಮಗಳು ಹಿಮಾಲಯನ್‌ನಲ್ಲಿ, ನಾವಿಬ್ಬರು ಹೈನೆಸ್ಸಿನಲ್ಲಿ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು. ಅಲ್ಲಿ ಪ್ರತಿ ತಿರುವಿಗೂ ನಂಬರು ಬರೆದ ಫಲಕವಿದೆ, ಇವರು ಹಿಂದಿನಿಂದ ಜೋರಾಗಿ ಓದುತ್ತಿದ್ದರು. ಒಂದು ತಿರುವಿನ ಹೊಟ್ಟೆಯಲ್ಲೇ ಮುಂದಿನ ಕಾರು ನಿಂತುಬಿಟ್ಟಿತು. ಬಲಗಾಲಿನಲ್ಲಿ ಹಿಂದಿನ ಬ್ರೇಕು ತುಳಿದು, ಎಡಗಾಲು ಊರಿ ನಿಂತೆ. ಪಾದದ ಮುಂಭಾಗ ಗಟ್ಟಿಯಾಗಿ ನೆಲ ಹಿಡಿದಿತ್ತು. ಕಾರು ಹೊರಟಿತು. ಮೊದಲ ಗೇರಿನಲ್ಲಿ ಕ್ಲಚ್ಚು ಬಿಡುತ್ತಾ ಬಂದೆ. ಎಂಜಿನ್ ಕೂಗಲಿಲ್ಲ, ಗುಡುಗುಡು ಎನ್ನುತ್ತಾ ಎಳೆಯಿತು. ಇವರು ನಂಬರು ಓದುವುದನ್ನು ನಿಲ್ಲಿಸಿದ್ದರು, ಮುಂದಿನ ತಿರುವಿಗೆ ಮತ್ತೆ ಶುರು ಮಾಡಿದರು. ಹುಡುಗಿ ಆಗಲೇ ಮೇಲೆ ಹೋಗಿ ಹೆಲ್ಮೆಟ್ ತೆಗೆದು ಕ್ಯಾರೆಟ್ ತಿನ್ನುತ್ತಾ ಕೂತಿದ್ದಳು. "ಎಷ್ಟೊತ್ತತ್ತೆ!" ಅಂದಳು. ಅವಳ ಗಾಡಿ ಅವಳಿಗೆ ಸರಿಯಾಗೇ ಇದೆ. ಅವಳ ಹಿಂದೆ ಯಾರೂ ಕೂತಿರಲಿಲ್ಲ.

ಊಟಿಯಿಂದ ಬಂದ ವಾರವೇ ಇವರು ಹಠ ಹಿಡಿದು ಹೈನೆಸ್ಸಿಗೆ ಬೆನ್ನೊರಗು ಹಾಕಿಸಿದರು. ಹಾಕಿಸಿದ ಮೇಲೆ ಗೊತ್ತಾಯಿತು, ಮೊದಲು ಸೀಟಿನ ಹಿಂಬದಿಯಿಂದ ತೂರಿಸುತ್ತಿದ್ದ ಕಾಲನ್ನು ಈಗ ಅದರ ಮೇಲಿಂದ ದಾಟಿಸಬೇಕು. ಮಂಡಿ ಅಷ್ಟು ಏಳುವುದಿಲ್ಲ. ತೆಗೆಸಿಬಿಡೋಣ ಎಂದರೆ ಕೇಳುವವರಲ್ಲ. ಅದಕ್ಕೇ ಈಗ ದಾರಿಯಲ್ಲಿ ಟೀ ಅಂಗಡಿ ಆರಿಸುವ ಅಧಿಕಾರ ಪೂರ್ತಿ ಅವರದು. ಟೀ ಹೇಗಿದ್ದರೂ ಆದೀತು, ಮುಂದೆ ಮೊಳದೆತ್ತರದ ಕಟ್ಟೆಯೊಂದು ಇರಬೇಕು. ಹಿಂದಿನಿಂದ ಹೆಗಲು ತಟ್ಟಿ "ಅದು, ಅದು, ಅಲ್ಲಿ ನಿಲ್ಸು" ಅನ್ನುತ್ತಾರೆ, ನಾನು ಗಾಡಿಯನ್ನು ಕಟ್ಟೆಗೆ ತಾಗಿಸಿ ನಿಲ್ಲಿಸುತ್ತೇನೆ.